ಐಶ್ವರ್ಯವಂತನೂ ಅವನ ಬೋಧಕನೂ: ಅಲೆಕ್ಸಾಂದ್ರಿಯದ ಕ್ಲೆಮೆಂಟನ ಪ್ರಸಂಗವನ್ನು ಕುರಿತು ಒಂದು ವಿಮರ್ಶೆ

ಮಾರ್ಕ 10:17–31ರ ಮೇಲೆ ಪ್ರಸಂಗ ಮಾಡಬೇಕಾದ ಸಭಾಪಾಲಕನಿಗೆ ಆ ವಾಕ್ಯಭಾಗವು ಹಿಂದಿನಿಂದಲೂ ಒಂದು ಇಕ್ಕಟ್ಟನ್ನು ತಂದೊಡ್ಡಿದೆ. ಓಡಿ ಬಂದು ಮೊಣಕಾಲೂರಿದ ಆ ಮನುಷ್ಯನಿಗೆ ಯೇಸು ಕೊಟ್ಟ ಆಜ್ಞೆಯಲ್ಲಿ ಅಸ್ಪಷ್ಟವಾದುದು ಏನೂ ಇಲ್ಲ. ಇರುವುದನ್ನೆಲ್ಲ ಮಾರಬೇಕು, ಬಡವರಿಗೆ ಹಂಚಬೇಕು, ಆಮೇಲೆ ಹಿಂಬಾಲಿಸಬೇಕು. ಕೇಳಿದವನು ಮುಖ ಬಾಡಿಸಿಕೊಂಡು ಹೊರಟುಹೋದನು. ಪ್ರಸಂಗಿಯ ಮುಂದೆ ಕುಳಿತವರಲ್ಲಿಯೂ ಆಸ್ತಿಯುಳ್ಳವರು ಇರುತ್ತಾರೆ. ಅವರು ಹಾಗೆ ಎದ್ದುಹೋಗುವುದು ಅವನಿಗೆ ಬೇಕಿಲ್ಲ. ಆದುದರಿಂದಲೇ ಒಂಟೆಯನ್ನು ಕುಗ್ಗಿಸುವ, ಇಲ್ಲವೇ ಸೂಜಿಯ ಕಣ್ಣನ್ನು ಹಿಗ್ಗಿಸುವ ಉಪಾಯಗಳು ಹುಟ್ಟಿಕೊಂಡವು. ಯೆರೂಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಸಣ್ಣ ಬಾಗಿಲಿತ್ತು, ಹೊರೆಯಿಳಿಸಿ ಮೊಣಕಾಲೂರಿದ ಒಂಟೆ ಅದರೊಳಗೆ ನುಸುಳಬಹುದಾಗಿತ್ತು ಎಂಬ ವಿವರಣೆ ಇಂದಿಗೂ ವೇದಿಕೆಯಿಂದ ಕೇಳಿಬರುತ್ತದೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತೆಂಬುದಕ್ಕೆ ಆಧಾರವಿಲ್ಲ. ಆದರೂ ಆ ಬಾಗಿಲನ್ನು ಮುಚ್ಚಲು ಯಾರಿಗೂ ಮನಸ್ಸಿಲ್ಲ.

ಈ ಇಕ್ಕಟ್ಟನ್ನು ನೇರವಾಗಿ ಎದುರಿಸಿದ ಆದಿಸಭೆಯ ಗ್ರಂಥವೆಂದರೆ ಅಲೆಕ್ಸಾಂದ್ರಿಯದ ಕ್ಲೆಮೆಂಟನು ಕ್ರಿ.ಶ. 200ರ ಆಸುಪಾಸಿನಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ, 42 ಚಿಕ್ಕ ಅಧ್ಯಾಯಗಳ ಪ್ರಸಂಗ. ‘ರಕ್ಷಣೆ ಹೊಂದುವ ಐಶ್ವರ್ಯವಂತನು ಯಾರು?’ ಎಂಬುದು ಅದರ ಹೆಸರು. ಸಭಾಚರಿತ್ರೆಯ ತರಗತಿಗಳಲ್ಲಿ ಈ ಗ್ರಂಥಕ್ಕೆ ಸಾಮಾನ್ಯವಾಗಿ ಒಂದೇ ವಾಕ್ಯ ಮೀಸಲು: ಕರ್ತನ ಕಠಿಣವಾದ ಆಜ್ಞೆಯನ್ನು ಕ್ಲೆಮೆಂಟನು ಅನ್ಯಾರ್ಥಗೊಳಿಸಿ ಐಶ್ವರ್ಯವಂತರಿಗೆ ನೆಮ್ಮದಿ ಕೊಟ್ಟನು. ಈ ತೀರ್ಪು ಸುಳ್ಳಲ್ಲ. ಆದರೆ ಅದು ಗ್ರಂಥದ ಮೊದಲ ಅರ್ಧವನ್ನು ಮಾತ್ರ ಓದಿದವರ ತೀರ್ಪು. ಅಲ್ಪದರಲ್ಲಿ ತೃಪ್ತನಾಗಿ ಬಾಳುವುದನ್ನು ಯಾರು, ಯಾರಿಗೆ, ಯಾವ ಅಧಿಕಾರದಿಂದ ಬೋಧಿಸಬಹುದು ಎಂಬ ಪ್ರಶ್ನೆಗೆ ಉತ್ತರ ಇರುವುದು ಓದದೆ ಬಿಟ್ಟ ಎರಡನೆಯ ಅರ್ಧದಲ್ಲಿ. ಅದು ನಮ್ಮಂಥ ಬೋಧಕರನ್ನೇ ಕುರಿತದ್ದು. ಬಹುಶಃ ಅದಕ್ಕಾಗಿಯೇ ಓದದೆ ಉಳಿದಿದೆ.

ಕ್ಲೆಮೆಂಟನ ಕೇಳುಗರು ಯಾರೆಂಬುದನ್ನು ನೆನಪಿಡಬೇಕು. ಭಾರತಕ್ಕೆ ಹೋಗಿಬಂದವನೆಂದು ಯೂಸೇಬಿಯಸನು ಹೇಳುವ ಪಂತೇನಸನ ಶಿಷ್ಯನೀತ. ಅವನು ಬೋಧಿಸಿದ ಪಟ್ಟಣವು ಐಗುಪ್ತದ ಧಾನ್ಯವನ್ನು ರೋಮಿಗೆ ಹಡಗೇರಿಸುತ್ತಿದ್ದ ದೊಡ್ಡ ಬಂದರು. ವಿದ್ವಾಂಸರು, ವರ್ತಕರು, ಹಡಗಿನ ಒಡೆಯರು ಇದ್ದ ಊರು. ಸಭೆಯೊಳಗೆ ಆಸ್ತಿವಂತರು ಬರಲಾರಂಭಿಸಿದ್ದರು. ಸೆಪ್ಟಿಮಿಯಸ್ ಸೆವೇರಸನ ಕಾಲದಲ್ಲಿ, 202ರ ಸುಮಾರಿಗೆ, ಹಿಂಸೆ ತೊಡಗಿದಾಗ ಕ್ಲೆಮೆಂಟನು ಆ ಪಟ್ಟಣವನ್ನು ಬಿಟ್ಟು ಹೋದನು. ಐಶ್ವರ್ಯವಂತರಿಗೆ ಸಂಬಂಧಿಸಿ ಅವನು ಎರಡು ಕೆಡುಕುಗಳನ್ನು ಕಂಡಿದ್ದನು. ಒಂದು, ಅವರ ಮುಂದೆ ಹೊಗಳಿಕೆಯ ಭಾಷಣ ಓದುವವರದು. ದೇವರಿಗೆ ಸಲ್ಲಬೇಕಾದ ಮಹಿಮೆಯನ್ನು ಮನುಷ್ಯನಿಗೆ ಸಲ್ಲಿಸುವುದರಿಂದ ಇವರು ಹೊಗಳುಭಟರಷ್ಟೇ ಅಲ್ಲ, ಭಕ್ತಿಹೀನರೂ ಹೌದೆಂದು ಮೊದಲನೆಯ ಅಧ್ಯಾಯದಲ್ಲಿಯೇ ಹೇಳುತ್ತಾನೆ. ಇನ್ನೊಂದು, ಒಂಟೆಯ ಮಾತನ್ನು ಕೇಳಿ, ತಮಗೆ ಪರಲೋಕರಾಜ್ಯದಲ್ಲಿ ಪಾಲಿಲ್ಲವೆಂದು ಕೈಚೆಲ್ಲಿ ಲೋಕಕ್ಕೆ ಇನ್ನಷ್ಟು ಅಂಟಿಕೊಳ್ಳುವ ಐಶ್ವರ್ಯವಂತರ ನಿರಾಶೆ.

ಈ ನಿರಾಶೆಗೆ ಮದ್ದಾಗಿ ಅವನು ಕೊಡುವ ವ್ಯಾಖ್ಯಾನವೇ ಪ್ರಸಿದ್ಧವಾದದ್ದು. ಹನ್ನೊಂದನೆಯ ಅಧ್ಯಾಯದ ಪ್ರಕಾರ, ಆಸ್ತಿಯನ್ನು ಹೊರಗೆ ಎಸೆಯುವುದು ಆಜ್ಞೆಯ ತಿರುಳಲ್ಲ; ಆಸ್ತಿಯ ಕುರಿತಾದ ಭ್ರಮೆ, ಹಂಬಲ, ರೋಗದಂಥ ಉದ್ವೇಗ ಹಾಗೂ ಬದುಕಿನ ಬೀಜವನ್ನು ಅಡಗಿಸುವ ಮುಳ್ಳುಗಳಾದ ಚಿಂತೆಗಳನ್ನು ಆತ್ಮದಿಂದ ಹೊರಹಾಕುವುದೇ ಅದರ ತಿರುಳು. ಹೊರಗಿನದನ್ನು ಮಾತ್ರ ತ್ಯಜಿಸಿದವರು ಕ್ರಿಸ್ತನಿಗಿಂತ ಮುಂಚೆಯೂ ಇದ್ದರು. ಅನಾಕ್ಸಗೋರಸ್, ಡೆಮೊಕ್ರಿಟಸ್, ಕ್ರೇಟಿಸ್ ಮುಂತಾದ ತತ್ತ್ವಜ್ಞಾನಿಗಳನ್ನು ಅವನು ಸ್ಮರಿಸುತ್ತಾನೆ. ಅವರು ಬಿಟ್ಟದ್ದು ವಿರಾಮಕ್ಕಾಗಿ ಅಥವಾ ಪೊಳ್ಳು ಕೀರ್ತಿಗಾಗಿ. ಎಲ್ಲವನ್ನೂ ಬಿಟ್ಟ ಮೇಲೂ ಆಸೆ ಉರಿಯುತ್ತಲೇ ಇರಬಹುದು. ಆಗ ಇಲ್ಲದಿರುವುದರ ಕೊರತೆ ಒಂದು, ಬಿಟ್ಟದ್ದರ ಪಶ್ಚಾತ್ತಾಪ ಇನ್ನೊಂದು, ಹೀಗೆ ಎರಡು ಸಂಕಟ. ಇದಕ್ಕೆ ಪ್ರತಿಯಾಗಿ ಹದಿನಾರನೆಯ ಅಧ್ಯಾಯದಲ್ಲಿ ಸಂತುಷ್ಟನ ಚಿತ್ರವೊಂದು ಬರುತ್ತದೆ. ತನಗಿರುವುದನ್ನು ದೇವರ ದಾನವೆಂದು ಹಿಡಿದವನು, ಅದು ತನಗಿಂತ ಹೆಚ್ಚಾಗಿ ಸಹೋದರರಿಗಾಗಿ ಇದೆಯೆಂದು ಬಲ್ಲವನು, ಸಮೃದ್ಧಿಯನ್ನು ಹೊತ್ತಷ್ಟೇ ಹಗುರವಾಗಿ ಅದರ ನಷ್ಟವನ್ನೂ ಹೊರಬಲ್ಲವನು.

ಈ ಚಿತ್ರವನ್ನು ಅಲ್ಲಗಳೆಯುವುದು ಸುಲಭವಲ್ಲ. ಸರಳತೆಗೂ ಒಂದು ಡಂಭವಿದೆ ಎಂಬುದನ್ನು ಕ್ಲೆಮೆಂಟನು ಚೆನ್ನಾಗಿ ಬಲ್ಲನು. ಒಂದು ಜೊತೆ ಬಟ್ಟೆಯಲ್ಲಿ ತಿರುಗಿ ಆ ಒಂದು ಜೊತೆಯನ್ನೇ ಊರಿಗೆಲ್ಲ ತೋರಿಸುವವನ ಬಡತನವು ಸಂತುಷ್ಟಿಯಲ್ಲ. ಆದರೆ ಅವನ ವಾದದ ಬಿರುಕೂ ಇಲ್ಲಿಯೇ ಇದೆ. ಒಳಗಿನ ನಿರ್ಲಿಪ್ತತೆಯನ್ನು ಹೊರಗಿನಿಂದ ಯಾರು ಅಳೆಯುವರು? ನಷ್ಟವನ್ನು ಹಗುರವಾಗಿ ಹೊರಬಲ್ಲೆನೆಂದು ನಷ್ಟವಾಗುವ ತನಕ ಎಲ್ಲರೂ ಹೇಳಬಹುದು. ಮಾರ್ಕನ ಕಥೆಯಲ್ಲಿರುವ ಮನುಷ್ಯನನ್ನೇ ನೋಡಿರಿ. ಅವನು ದುಷ್ಟನಲ್ಲ, ಚಿಕ್ಕಂದಿನಿಂದ ಆಜ್ಞೆಗಳನ್ನು ಕೈಕೊಂಡವನು, ಯೇಸು ಅವನನ್ನು ಪ್ರೀತಿಸಿದನೆಂದು ಮಾರ್ಕನೇ ಹೇಳುತ್ತಾನೆ. ತನಗೆ ಆಸ್ತಿಯ ಮೋಹವಿದೆಯೆಂದು ಅವನಿಗೆ ತಿಳಿದದ್ದು ಮಾರು ಎಂಬ ಮಾತು ಕಿವಿಗೆ ಬಿದ್ದ ಮೇಲೆ. ಮನಸ್ಸಿನ ಮೋಹವನ್ನು ಮಾತ್ರ ಬಿಡು ಎಂದು ಯೇಸು ಹೇಳಿದ್ದರೆ ಅವನು ಹರ್ಷದಿಂದ ಒಪ್ಪಿ, ಅದೇ ಆಸ್ತಿಯ ಮನೆಗೆ ಹಿಂದಿರುಗುತ್ತಿದ್ದನು. ಮಾರುವ ಆಜ್ಞೆಯು ಅವನ ಮೋಹವನ್ನು ಅವನಿಗೇ ತೋರಿಸಿಕೊಟ್ಟಿತು. ಆ ಆಜ್ಞೆಯನ್ನು ಒಳಗಿನ ಸ್ಥಿತಿಯಾಗಿ ಕರಗಿಸಿದರೆ ತೋರಿಸಿಕೊಡುವ ಸಾಧನವೇ ಕೈತಪ್ಪುತ್ತದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಐಶ್ವರ್ಯವು ಒಂದು ಉಪಕರಣ ಮಾತ್ರ, ಬಳಸುವವನಂತೆ ಅದು ಒಳ್ಳೆಯದೂ ಕೆಟ್ಟದೂ ಆಗುತ್ತದೆಂದು ಅವನು ಹೇಳುವಾಗಲೂ ಇದೇ ಕೊರತೆ. ಉಳಿಯು ಬಡಗಿಯನ್ನು ಬದಲಾಯಿಸುವುದಿಲ್ಲ, ನಿಜ; ಹಣವು ತನ್ನ ಒಡೆಯನನ್ನು ಬದಲಾಯಿಸುತ್ತದೆ.

ಈ ಪ್ರಸಂಗದಲ್ಲಿ ‘ಇಷ್ಟು ಸಾಕು’ ಎಂಬ ಗೆರೆಯನ್ನು ಕ್ಲೆಮೆಂಟನು ಎಲ್ಲಿಯೂ ಎಳೆಯುವುದಿಲ್ಲ. ಆದರೆ ಅದೇ ಲೇಖಕನ ‘ಪೈದಗೋಗೊಸ್’ ಎಂಬ ಗ್ರಂಥದಲ್ಲಿ ಆ ಗೆರೆಯಿದೆ. ಮಕ್ಕಳನ್ನು ಶಾಲೆಗೆ ಕರೆದೊಯ್ದು ನಡತೆ ಕಲಿಸುವ ಮನೆಯಾಳಿಗೆ ಗ್ರೀಕರು ಕೊಟ್ಟ ಹೆಸರದು. ಇಲ್ಲಿ ಕ್ರಿಸ್ತನೇ ಆ ಶಿಕ್ಷಕ. ಎರಡನೆಯ, ಮೂರನೆಯ ಸಂಪುಟಗಳಲ್ಲಿ ಅವನು ಊಟ, ಪಾತ್ರೆ, ಹಾಸಿಗೆ, ಪಾದರಕ್ಷೆ, ಒಡವೆಗಳ ತನಕ ಇಳಿದು ಮಾತನಾಡುತ್ತಾನೆ. ಅನೇಕ ಕಡೆ ನಗಿಸುತ್ತಾನೆ. ಬೆಳ್ಳಿಯ ಗುಬಟು, ದಂತದ ಹಿಡಿ ಇಲ್ಲದಿದ್ದರೆ ಊಟದ ಚೂರಿ ಕತ್ತರಿಸುವುದಿಲ್ಲವೋ? ಅಕ್ಕಸಾಲಿಗನ ದೀಪಕ್ಕಿಂತ ಕುಂಬಾರನ ದೀಪ ಕಡಿಮೆ ಬೆಳಕು ಕೊಡುವುದೋ? ಕರ್ತನು ಶಿಷ್ಯರ ಪಾದಗಳನ್ನು ತೊಳೆಯುವುದಕ್ಕೆ ಪರಲೋಕದಿಂದ ಬೆಳ್ಳಿಯ ಬೋಗುಣಿಯನ್ನು ತರಿಸಿಕೊಳ್ಳಲಿಲ್ಲವಲ್ಲ! ಮೂರನೆಯ ಸಂಪುಟದಲ್ಲಿ ಸ್ತೋಯಿಕರಿಗೂ ಪರಿಚಿತವಾಗಿದ್ದ ಅಳತೆಯೊಂದು ಸಿಗುತ್ತದೆ: ಪಾದರಕ್ಷೆಗೆ ಪಾದವು ಹೇಗೆ ಅಳತೆಯೋ, ಹಾಗೆ ಸ್ವತ್ತಿಗೆ ಶರೀರವು ಅಳತೆ. ಪಾದಕ್ಕಿಂತ ದೊಡ್ಡದಾದ ಮೆಟ್ಟು ನಡೆಯುವವನನ್ನು ಎಡವಿಸುತ್ತದೆ. ಪ್ರಸಂಗವನ್ನು ಈ ಅಳತೆಯಿಂದ ಬೇರ್ಪಡಿಸಿ ಓದಿದ್ದರಿಂದಲೇ ಅದು ಐಶ್ವರ್ಯವಂತರ ದಿಂಬಾಯಿತೆಂದು ನನಗೆ ತೋರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಸಿಗುವ ಉಪದೇಶ ಇನ್ನೊಂದೇ ಆಗುತ್ತದೆ. ಆಸ್ತಿ ನಿನ್ನ ಹೆಸರಿನಲ್ಲಿರಬಹುದು, ಆದರೆ ಮಣ್ಣಿನ ದೀಪದಲ್ಲಿ ಉಣ್ಣು; ಉಳಿದದ್ದು ನಿನ್ನದಲ್ಲ. ಇದೆ, ಏಕೆ ಅನುಭವಿಸಬಾರದು ಎಂಬ ಪ್ರಶ್ನೆಯು ಮನುಷ್ಯತ್ವಕ್ಕೆ ತಕ್ಕದ್ದಲ್ಲ, ಇದೆ, ಇಲ್ಲದವರಿಗೆ ಏಕೆ ಕೊಡಬಾರದು ಎಂಬುದೇ ತಕ್ಕದ್ದು ಎಂಬ ಅರ್ಥದ ಮಾತೂ ಅದೇ ಗ್ರಂಥದಲ್ಲಿದೆ.

ಹದಿಮೂರನೆಯ ಅಧ್ಯಾಯದ ಒಂದು ವಾದವನ್ನು ಮಾತ್ರ ಯಾವ ರೀತಿ ಓದಿದರೂ ಒಪ್ಪಲಾಗದು. ಯಾರಲ್ಲಿಯೂ ಏನೂ ಇಲ್ಲದಿದ್ದರೆ ಹಂಚುವುದಾದರೂ ಹೇಗೆ, ಹಸಿದವರಿಗೆ ಉಣಿಸುವುದು, ಬೆತ್ತಲೆಯವರಿಗೆ ಉಡಿಸುವುದು ಹೇಗೆ ಎಂದು ಅವನು ಕೇಳುತ್ತಾನೆ. ಜಕ್ಕಾಯನನ್ನೂ ಮತ್ತಾಯನನ್ನೂ ಸಾಕ್ಷಿಗೆ ಕರೆಯುತ್ತಾನೆ. ಮೇಲ್ನೋಟಕ್ಕೆ ಇದು ಗಟ್ಟಿ. ನಮ್ಮ ಸಭೆಗಳ ಹಣಕಾಸಿನ ಸಮಿತಿಗಳಲ್ಲಿ, ಕ್ಲೆಮೆಂಟನ ಹೆಸರು ಕೇಳಿರದವರ ಬಾಯಲ್ಲಿ, ಇದೇ ತರ್ಕ ದಿನವೂ ನಡೆಯುತ್ತದೆ. ಆದರೆ ಇದರೊಳಗೆ ಒಂದು ಊಹೆ ಅಡಗಿದೆ: ದಾನವು ಆಸ್ತಿಯಿಂದ ಮಾತ್ರ ಹುಟ್ಟುತ್ತದೆಂಬುದು. ಎಫೆಸದವರಿಗೆ ಬರೆದ ಪತ್ರಿಕೆಯು (4:28) ಕಳ್ಳತನ ಬಿಟ್ಟವನಿಗೆ ಹೇಳುವುದು ಬೇರೆ. ಅವನು ತನ್ನ ಕೈಯಿಂದ ದುಡಿಯಲಿ, ಆಗ ಕೊರತೆಯುಳ್ಳವನಿಗೆ ಕೊಡಲು ಅವನಲ್ಲಿ ಏನಾದರೂ ಇರುವುದು. ಅಲ್ಲಿ ದಾನದ ಬುಗ್ಗೆಯಾಗಿ ಕಾಣುವುದು ದುಡಿಮೆ.

ಕ್ಲೆಮೆಂಟನಿಗೆ ಇದರ ಉತ್ತರವು ಅವನದೇ ಐಗುಪ್ತದಿಂದ ಬಂತು. ಅವನ ಪ್ರಸಂಗದ ನಂತರ ಸುಮಾರು 70 ವರ್ಷಗಳಿಗೆ, ಅದೇ ಆಜ್ಞೆಯನ್ನು ಮತ್ತಾಯನ ಸುವಾರ್ತೆಯಿಂದ (19:21) ಓದುತ್ತಿದ್ದಾಗ ಹಳ್ಳಿಯ ಯುವಕನೊಬ್ಬನು ದೇವಾಲಯಕ್ಕೆ ಬಂದನು. ಅಂತೋನಿಯ ವಯಸ್ಸು ಆಗ 20ರ ಆಸುಪಾಸು. ತಂದೆತಾಯಿಗಳು ಆಗತಾನೆ ತೀರಿಕೊಂಡಿದ್ದರು. 300 ಅರೂರ, ಎಂದರೆ ಸುಮಾರು 200 ಎಕರೆ, ಫಲವತ್ತಾದ ಭೂಮಿ ಅವನ ಪಾಲಿಗಿತ್ತು. ಅಥನೇಸಿಯಸನು ಬರೆದ ಚರಿತ್ರೆಯ ಪ್ರಕಾರ, ಅವನು ಹೊರಗೆ ಹೋಗಿ ಭೂಮಿಯನ್ನು ಊರವರಿಗೆ ಕೊಟ್ಟನು, ಚರಸ್ವತ್ತನ್ನು ಮಾರಿ ಬಡವರಿಗೆ ಹಂಚಿದನು. ವ್ಯಾಖ್ಯಾನವಿಲ್ಲ, ಅನ್ಯಾರ್ಥವಿಲ್ಲ. ಆಮೇಲೆ ಅವನು ಕೈಕಸುಬಿನಿಂದ ದುಡಿದು, ಬಂದುದರಲ್ಲಿ ರೊಟ್ಟಿಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದನೆಂದು ಅಥನೇಸಿಯಸನು ಹೇಳುತ್ತಾನೆ. ಏನೂ ಇಲ್ಲದವನು ಕೊಡುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮುಂದೆ ಮರುಭೂಮಿಯ ಒಳಭಾಗದಲ್ಲಿ ನೆಲೆಸಿದಾಗ, ತನಗೆ ರೊಟ್ಟಿ ಹೊತ್ತು ತರುವವರ ಶ್ರಮ ಉಳಿಯಲೆಂದು ಅವನು ತಾನೇ ಚಿಕ್ಕ ತುಂಡು ನೆಲವನ್ನು ಉತ್ತು ಬೆಳೆದನು.

ಕನ್ನಡದ ಓದುಗನಿಗೆ ಈ ವಿಚಾರ ಅಪರಿಚಿತವಲ್ಲ. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಬಾಲ್ಯದಿಂದ ಕೇಳಿದ್ದೇವೆ. ಗಂಡನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಅವಳು ಹೇಳಿ ಕಳುಹಿಸಿದಳು. ಆಕೆಯ ಮಾತಿನ ಧಾರ್ಮಿಕ ನೆಲೆ ಬೇರೆ, ನಮ್ಮದು ಬೇರೆ. ಎರಡನ್ನೂ ಒಂದೇ ಎನ್ನುವ ಅವಸರ ಬೇಡ. ಆದರೆ ಗಮನಿಸಬೇಕಾದದ್ದು ಇಷ್ಟಿದೆ. ಅಲ್ಲಿ ‘ಸಾಕು’ ಎಂದವಳು ಸ್ವತಃ ಬಡವಳು. ಅವಳು ಅದನ್ನು ಹೇಳಿದ್ದು ತನ್ನ ಮನೆಗೆ. ಹೊಟ್ಟೆ ತುಂಬಿದ ಯಾರೋ ಅವಳಿಗೆ ಅದನ್ನು ಬೋಧಿಸಲಿಲ್ಲ.

ಅಂತೋನಿಯ ಕಥೆಯನ್ನೂ ಪೂರ್ತಿ ಹೊಗಳಿ ಬಿಡುವಂತಿಲ್ಲ. ಅವನಿಗೆ ತಂಗಿಯೊಬ್ಬಳಿದ್ದಳು, ಇನ್ನೂ ಚಿಕ್ಕವಳು. ಮೊದಲ ಸಲ ಎಲ್ಲವನ್ನೂ ಹಂಚಿದಾಗ ಅವಳಿಗೆಂದು ಅಲ್ಪಸ್ವಲ್ಪ ಉಳಿಸಿದ್ದನು. ನಾಳಿನ ಚಿಂತೆ ಬೇಡವೆಂಬ ಕರ್ತನ ಮಾತನ್ನು ಇನ್ನೊಮ್ಮೆ ದೇವಾಲಯದಲ್ಲಿ ಕೇಳಿದಾಗ ಅದನ್ನೂ ಕೊಟ್ಟುಬಿಟ್ಟು, ಅವಳನ್ನು ಪರಿಚಿತ ಕನ್ಯೆಯರ ವಶಕ್ಕೆ ಒಪ್ಪಿಸಿ ತಾನು ಹೊರಟನು. ಬಹಳ ಕಾಲದ ಮೇಲೆ, ಮುದುಕಿಯಾಗಿ, ಇತರ ಕನ್ಯೆಯರಿಗೆ ನಾಯಕಿಯಾಗಿದ್ದ ಅವಳನ್ನು ಕಂಡು ಅವನು ಸಂತೋಷಪಟ್ಟನೆಂದು ಅಥನೇಸಿಯಸನು ಬರೆಯುತ್ತಾನೆ. ಒಳ್ಳೆಯದೇ ಆಯಿತು. ಆದರೆ ನಾಳಿನ ಚಿಂತೆ ಬೇಡವೆಂಬ ಮಾತನ್ನು ಕೇಳಿದವನು ಅವನು, ನಾಳಿನ ಗಂಟನ್ನು ಕಳೆದುಕೊಂಡವಳು ಅವಳು. ಅವಳ ಅಭಿಪ್ರಾಯವನ್ನು ಚರಿತ್ರೆಯು ಕೇಳುವುದಿಲ್ಲ. ಕುಟುಂಬಸ್ಥನಾದ ಸಭಾಪಾಲಕನು ತನ್ನ ಸರಳ ಜೀವನದ ವ್ರತವನ್ನು ಹೆಂಡತಿ ಮಕ್ಕಳ ತಟ್ಟೆಯಿಂದ ನೆರವೇರಿಸುವುದು ನಮ್ಮಲ್ಲಿಯೂ ಉಂಟು. ಅವನ ಮರಣದ ಮೇಲೆ ಆ ವ್ರತವನ್ನು ಎಲ್ಲರೂ ಕೊಂಡಾಡುತ್ತಾರೆ.

ಹೀಗೆ ತಾನು ಆರಿಸಿಕೊಂಡ ಬಡತನಕ್ಕೂ ಇನ್ನೊಬ್ಬರ ಮೇಲೆ ಬಿದ್ದ ಬಡತನಕ್ಕೂ ನಡುವೆ ಇರುವ ಅಂತರವನ್ನು ಮರೆತರೆ ಸಂತುಷ್ಟಿಯ ಬೋಧನೆ ಕ್ರೂರವಾಗುತ್ತದೆ. ಈ ವಿಷಯದಲ್ಲಿ ಕ್ಲೆಮೆಂಟನಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಬಡವರನ್ನು ಕುರಿತ ಅವನ ಕೆಲವು ಮಾತುಗಳು ನುಂಗಲು ಕಷ್ಟ. ಬರಿದೇ ಏನೂ ಇಲ್ಲದಿರುವುದೇ ಧನ್ಯತೆಯಾದರೆ ದೇವರನ್ನರಿಯದ ಬೀದಿಯ ಭಿಕ್ಷುಕರೇ ಎಲ್ಲರಿಗಿಂತ ಧನ್ಯರಾಗಬೇಕಿತ್ತು ಎಂಬ ಅವನ ತರ್ಕದಲ್ಲಿ, ಲೂಕನ ಸುವಾರ್ತೆಯು ಬಡವರನ್ನು ಧನ್ಯರೆಂದು ಕರೆಯುವುದರ ನೆನಪೇ ಕಾಣದು. ಬಡವರು ಅವನಲ್ಲಿ ಬಹುಮಟ್ಟಿಗೆ ಐಶ್ವರ್ಯವಂತನ ರಕ್ಷಣೆಯ ಸಾಧನವಾಗಿ ಬರುತ್ತಾರೆ. ಹಣ ಕೊಟ್ಟು ಅಳಿಯದ್ದನ್ನು ಕೊಂಡುಕೊಳ್ಳುವ ವ್ಯಾಪಾರ ಎಷ್ಟು ಚೆಂದವೆಂದು ಅವನು ಉದ್ಗರಿಸುವಾಗ ಆ ಬಂದರುಪಟ್ಟಣದ ಮಾರುಕಟ್ಟೆಯ ಸದ್ದು ಕೇಳುತ್ತದೆ. ಆದರೂ ಪ್ರಸಂಗದ 42 ಅಧ್ಯಾಯಗಳಲ್ಲಿ ಹಸಿದವನನ್ನು ಕುರಿತು ನೀನು ಇದ್ದುದರಲ್ಲಿ ತೃಪ್ತನಾಗಿರು ಎಂದು ಅವನು ಬೋಧಿಸುವುದಿಲ್ಲ. ತೃಪ್ತಿಯ ಪಾಠವೆಲ್ಲ ಇರುವವನಿಗೆ. ಬೇಡುವವರು ಬರುವ ತನಕ ಕಾಯಬೇಡ, ನೀನೇ ಹುಡುಕಿಕೊಂಡು ಹೋಗು ಎನ್ನುತ್ತಾನೆ. ಯಾರು ಯೋಗ್ಯರು, ಯಾರು ಅಯೋಗ್ಯರು ಎಂದು ತೂಗುತ್ತ ಕುಳಿತರೆ ದೇವರಿಗೆ ಪ್ರಿಯರಾದವರನ್ನೇ ತಳ್ಳಿಬಿಟ್ಟೀಯೆ ಎಂದು ಎಚ್ಚರಿಸುತ್ತಾನೆ.

ಹೊಸ ಒಡಂಬಡಿಕೆಯ ಪದಬಳಕೆಯೂ ಇದೇ ದಿಕ್ಕನ್ನು ತೋರಿಸುತ್ತದೆ. ನಾವು ಸಂತುಷ್ಟಿಯೆನ್ನುವ ಗುಣಕ್ಕೆ ಸ್ತೋಯಿಕರು ಬಳಸುತ್ತಿದ್ದ ‘ಔತಾರ್ಕೆಯಾ’ ಎಂಬ ಪದವೂ ಅದರ ವಿಶೇಷಣರೂಪವೂ ಸೇರಿ ಅಲ್ಲಿ ಬರುವುದು ಮೂರೇ ಕಡೆ. ಫಿಲಿಪ್ಪಿ 4:11ರಲ್ಲಿ ಅದನ್ನು ಹೇಳುವವನು ಸೆರೆಯಲ್ಲಿರುವ ಪೌಲ. ತನ್ನನ್ನು ಕುರಿತು ಹೇಳಿಕೊಳ್ಳುತ್ತಾನೆ, ಅದೂ ಎಪಫ್ರೊದೀತನ ಕೈಯಲ್ಲಿ ಬಂದ ಸಹಾಯಕ್ಕೆ ಕೃತಜ್ಞತೆ ಹೇಳುವ ಪತ್ರದಲ್ಲಿ. ತನಗೆ ಸಾಕೆನ್ನುವವನೇ, ನೀವು ನನ್ನ ಕಷ್ಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎಂದೂ ಹೇಳುತ್ತಾನೆ. ಯಾರ ಹಂಗೂ ಇಲ್ಲದ ಸ್ತೋಯಿಕನ ಸ್ವಯಂಪೂರ್ಣತೆ ಇದಲ್ಲ. 2 ಕೊರಿಂಥ 9:8ರಲ್ಲಿ ಆ ಪದವು ಯೆಹೂದ್ಯದ ಬಡವರಿಗಾಗಿ ಚಂದಾ ಎತ್ತುವ ಸಂದರ್ಭದಲ್ಲಿದೆ. ಕೊಡುವವರಲ್ಲಿ ಸಾಕಷ್ಟು ಇರುವುದು ಸತ್ಕಾರ್ಯಕ್ಕಾಗಿ. ನಮ್ಮ ಭಾಷೆಯಲ್ಲಿ ತೃಪ್ತಿಯನ್ನು ಸೂಚಿಸುವ ‘ಸಾಕು’ ಮತ್ತು ಪೋಷಿಸುವುದನ್ನು ಸೂಚಿಸುವ ‘ಸಾಕು’ ಒಂದೇ ರೂಪದಲ್ಲಿವೆ. ಅವುಗಳ ಮೂಲ ಏನೇ ಇರಲಿ, ಪೌಲನ ಆ ವಾಕ್ಯವನ್ನು ವಿವರಿಸಲು ಬೇರೆ ಭಾಷೆಯ ಬೋಧಕನಿಗೆ ಸಿಗದ ಅನುಕೂಲವೊಂದು ನಮಗೆ ಸಿಕ್ಕಿದೆ.

ಮೂರನೆಯದು 1 ತಿಮೊಥೆಯ 6:6. ಅಂತ್ಯಸಂಸ್ಕಾರಗಳಲ್ಲಿ, ಕೂಲಿಕಾರರ ಪ್ರಾರ್ಥನಾಕೂಟಗಳಲ್ಲಿ ನಾವು ಧಾರಾಳವಾಗಿ ಬಳಸುವ ವಾಕ್ಯವಿದು. ಹಿಂದಿನ ವಾಕ್ಯವನ್ನು ಓದಿದರೆ ಅದು ಯಾರ ಮುಖಕ್ಕೆ ಹೇಳಿದ್ದೆಂದು ತಿಳಿಯುತ್ತದೆ. ದೇವಭಕ್ತಿಯನ್ನು ಲಾಭದ ದಾರಿಯೆಂದು ಎಣಿಸಿದ ಬೋಧಕರಿಗೆ ಪ್ರತಿಯಾಗಿ ಅಪೊಸ್ತಲನು ಅನ್ನ ಬಟ್ಟೆಗಳಿದ್ದರೆ ಸಾಕೆನ್ನುತ್ತಾನೆ. ಅಲ್ಲಿ ‘ನಾವು’ ಎಂಬುದು ಮೊದಲು ಬೋಧಕರಾದ ನಾವು. ಅದೇ ಅಧ್ಯಾಯವು ದಾಸರಿಗೆ ಹೇಳುವ ಮಾತು ಬೇರೊಂದು ತೊಡಕಿನದು, ಅದನ್ನು ಪ್ರತ್ಯೇಕವಾಗಿಯೇ ಚರ್ಚಿಸಬೇಕು. ಆದರೆ ಅಲ್ಲಿ ಈ ಪದವಿಲ್ಲ. ಸ್ನಾನಿಕನಾದ ಯೋಹಾನನು ಸಂಬಳದಲ್ಲಿ ತೃಪ್ತರಾಗಿರೆಂದು ಹೇಳಿದ್ದು (ಲೂಕ 3:14) ಬೆದರಿಸಿ ಹಣ ಕಿತ್ತುಕೊಳ್ಳಬಲ್ಲ ಸಿಪಾಯಿಗಳಿಗೆ. ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟುಕೊಂಡಾಗ ಯಾಕೋಬನು ಆ ಕೂಲಿಯಾಳುಗಳಿಗೆ ತೃಪ್ತಿಯನ್ನು ಬೋಧಿಸದೆ, ಅವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟಿದೆಯೆಂದು ಒಡೆಯರನ್ನು ಗದರಿಸುತ್ತಾನೆ (5:4). ದಿನಗೂಲಿಯವರ ಸಭೆಯಲ್ಲಿ ನಿಂತು, ಅವರ ಒಡೆಯನು ಮುಂದಿನ ಸಾಲಿನಲ್ಲಿ ಕುಳಿತಿರುವಾಗ, ಇದ್ದುದರಲ್ಲಿ ತೃಪ್ತರಾಗಿರೆಂದು ಬೋಧಿಸುವವನು ವಾಕ್ಯವನ್ನು ತಪ್ಪು ವಿಳಾಸಕ್ಕೆ ತಲುಪಿಸುತ್ತಿದ್ದಾನೆ. ಬಡವರ ನಡುವೆ ಅಲ್ಪದರಲ್ಲಿಯೂ ಹಾಡುವ ಸಂತೋಷ ಇಲ್ಲವೆಂದಲ್ಲ. ಇದೆ, ಅನೇಕ ವೇಳೆ ನಮ್ಮನ್ನು ನಾಚಿಸುವಷ್ಟಿದೆ. ಅದು ಅವರ ಸಾಕ್ಷಿ. ಅದನ್ನು ಅವರಿಗೇ ಆಜ್ಞೆಯಾಗಿ ಹಿಂದಿರುಗಿಸುವ ಹಕ್ಕು ನಮಗಿಲ್ಲ.

ಹಾಗಾದರೆ ಇರುವವನಿಗೆ ‘ಸಾಕು’ ಎಂದು ಹೇಳುವವರು ಯಾರು? ಒಳಗಿನ ನಿರ್ಲಿಪ್ತತೆಯನ್ನು ಅಳೆಯುವವರಿಲ್ಲ ಎಂಬ ನಮ್ಮ ಆಕ್ಷೇಪವನ್ನು ಕ್ಲೆಮೆಂಟನೂ ಊಹಿಸಿದ್ದನೆಂದು ತೋರುತ್ತದೆ. ನಲವತ್ತೊಂದನೆಯ ಅಧ್ಯಾಯವು ಅದಕ್ಕೆ ಅವನ ಉತ್ತರ. ಗರ್ವಿಷ್ಠನೂ ಬಲಿಷ್ಠನೂ ಐಶ್ವರ್ಯವಂತನೂ ಆದವನು ದೇವರ ಮನುಷ್ಯನೊಬ್ಬನನ್ನು ತನ್ನ ಮೇಲೆ ಗರಡಿಯ ಗುರುವಿನಂತೆ, ಹಡಗಿನ ಚುಕ್ಕಾಣಿಗನಂತೆ ನೇಮಿಸಿಕೊಳ್ಳಬೇಕು. ಒಬ್ಬನಿಗಾದರೂ ಅಂಜಬೇಕು. ಅವನು ಕಟುವಾಗಿ ಮಾತನಾಡಿದಾಗ ಕೇಳಬೇಕು, ಕೋಪಿಸಿದಾಗ ಹೆದರಬೇಕು. ಅವನು ಇವನಿಗಾಗಿ ರಾತ್ರಿಗಳನ್ನು ನಿದ್ದೆಯಿಲ್ಲದೆ ಪ್ರಾರ್ಥನೆಯಲ್ಲಿ ಕಳೆಯಬೇಕು. ಮೊದಲನೆಯ ಅಧ್ಯಾಯದ ಹೊಗಳುಭಟನಿಗೆ ಎದುರಾಗಿ ನಿಲ್ಲಿಸಿದ ಪ್ರತಿಮೆಯಿದು. ಐಶ್ವರ್ಯವಂತನಿಗೆ ಅಲ್ಪದರ ತೃಪ್ತಿ ಒಂಟಿಯಾಗಿ ಸಿಗುವುದಿಲ್ಲ, ತನ್ನ ಹಣಕ್ಕೆ ಅಂಜದ ಇನ್ನೊಬ್ಬನು ಅವನಿಗೆ ಬೇಕು.

ಇಲ್ಲಿ ಪ್ರಸಂಗವು ಸದ್ದಿಲ್ಲದೆ ತಿರುಗಿ ನಮ್ಮ ಕಡೆ ನೋಡುತ್ತದೆ. ಸಭಾಮಂದಿರದ ಮಾಡಿಗೆ ಹೆಂಚು ಹೊದಿಸಲು, ಹಬ್ಬದ ಖರ್ಚಿಗೆ, ಮಗನ ಕಾಲೇಜಿನ ಸೀಟಿಗೆ ಯಾರ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆಯೋ ಅವನಿಗೆ ನಾವು ಗರಡಿಯ ಗುರುವಾಗಲಾರೆವು. ಅವನು ನಮಗೆ ಅಂಜುವುದಿಲ್ಲ, ಅಂಜಬೇಕಾಗಿಯೂ ಇಲ್ಲ. ಬೋಧಕನು ಅಲ್ಪದರಲ್ಲಿ ಬಾಳುವುದನ್ನು ವೈಯಕ್ತಿಕ ಪಾವಿತ್ರ್ಯದ ಅಲಂಕಾರವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕ್ಲೆಮೆಂಟನ ಗ್ರಂಥವನ್ನು ಕೊನೆಯ ತನಕ ಓದಿದರೆ ಅದು ಸೇವೆಯ ಒಂದು ಉಪಕರಣವೆಂದು ಕಾಣುತ್ತದೆ. ಬೇಕುಗಳು ಕಡಿಮೆಯಾದ ಬೋಧಕನಿಗೆ ಮಾತ್ರ ಆ ಒಡೆಯನ ಮುಂದೆ ನಿಂತು ಮಾರ್ಕನ ವಾಕ್ಯವನ್ನು ಇದ್ದಂತೆಯೇ ಓದುವ ನಾಲಿಗೆ ಉಳಿದಿರುತ್ತದೆ.

ಕ್ಲೆಮೆಂಟನು ಇಲ್ಲಿಗೆ ನಿಲ್ಲಿಸದೆ, ಕೊನೆಯ ಅಧ್ಯಾಯದಲ್ಲಿ ಒಂದು ಕಥೆ ಹೇಳುತ್ತಾನೆ. ಯೂಸೇಬಿಯಸನೂ ತನ್ನ ಸಭಾಚರಿತ್ರೆಯ ಮೂರನೆಯ ಸಂಪುಟದಲ್ಲಿ ಇದನ್ನು ಉದ್ಧರಿಸಿದ್ದಾನೆ. ಪತ್ಮೊಸಿನಿಂದ ಹಿಂದಿರುಗಿದ ಅಪೊಸ್ತಲ ಯೋಹಾನನು ಎಫೆಸದ ಸಮೀಪದ ಒಂದು ಪಟ್ಟಣದಲ್ಲಿ ಒಬ್ಬ ತರುಣನನ್ನು ಕಂಡು, ಸಭೆಯೂ ಕ್ರಿಸ್ತನೂ ಸಾಕ್ಷಿಯಾಗಿ ಅವನನ್ನು ಅಲ್ಲಿನ ಸಭಾಧ್ಯಕ್ಷನಿಗೆ ಒಪ್ಪಿಸಿ ಹೋದನು. ಅಧ್ಯಕ್ಷನು ಅವನನ್ನು ಮನೆಯಲ್ಲಿ ಸಾಕಿದನು, ದೀಕ್ಷಾಸ್ನಾನ ಕೊಟ್ಟನು, ಆಮೇಲೆ ಕಾವಲನ್ನು ಸಡಿಲಿಸಿದನು. ತರುಣನು ಕೆಟ್ಟ ಗೆಳೆಯರನ್ನು ಕೂಡಿ ಕೊನೆಗೆ ಬೆಟ್ಟದ ದರೋಡೆಗಾರರ ನಾಯಕನಾದನು. ಕಾಲಾನಂತರ ಯೋಹಾನನು ಮತ್ತೆ ಬಂದು, ಸಭೆಯ ಎದುರಿನಲ್ಲಿ ನಿನ್ನ ವಶಕ್ಕೆ ಕೊಟ್ಟ ಠೇವಣಿಯನ್ನು ಹಿಂದಕ್ಕೆ ಕೊಡು ಎಂದು ಅಧ್ಯಕ್ಷನನ್ನು ಕೇಳಿದನು. ಅಧ್ಯಕ್ಷನು ತಬ್ಬಿಬ್ಬಾದನು. ತಾನು ಪಡೆಯದ ಹಣದ ಲೆಕ್ಕವನ್ನು ತನ್ನಿಂದ ಕೇಳುತ್ತಿದ್ದಾರೆಂದು ಅವನು ಎಣಿಸಿದನು. ಯೋಹಾನನ ಮಾತನ್ನು ನಂಬದಿರಲಾರನು, ಇಲ್ಲದ ಹಣವನ್ನು ಒಪ್ಪಿಕೊಳ್ಳಲೂ ಆರನು.

ಐಶ್ವರ್ಯವನ್ನು ಕುರಿತ ಗ್ರಂಥವೊಂದರ ಕೊನೆಯ ಪುಟದಲ್ಲಿ, ಠೇವಣಿಯೆಂಬ ಮಾತು ಕೇಳಿದ ಒಡನೆ ಹಣವನ್ನೇ ನೆನೆದವನು ಐಶ್ವರ್ಯವಂತನಲ್ಲ, ಸಭಾಧ್ಯಕ್ಷ. ಅವನು ಕಳ್ಳನೂ ಅಲ್ಲ, ಅವನ ಲೆಕ್ಕವು ಸರಿಯಾಗಿಯೇ ಇತ್ತು. ಕ್ಲೆಮೆಂಟನು ಈ ಗೊಂದಲದ ಮೇಲೆ ಯಾವ ಟೀಕೆಯನ್ನೂ ಬರೆಯುವುದಿಲ್ಲ. ನಾನು ಕೇಳುತ್ತಿರುವುದು ಆ ತರುಣನನ್ನು, ಸಹೋದರನ ಆತ್ಮವನ್ನು ಎಂದು ಯೋಹಾನನು ಬಿಡಿಸಿ ಹೇಳಬೇಕಾಯಿತು. ಆಮೇಲೆ ಆ ಮುದುಕನು ಬಟ್ಟೆ ಹರಿದುಕೊಂಡು, ಕುದುರೆಯನ್ನೂ ದಾರಿ ತೋರಿಸುವವನನ್ನೂ ಕೇಳಿ ಪಡೆದು, ಇದ್ದ ಹಾಗೆಯೇ ಸಭೆಯಿಂದ ಎದ್ದು ಬೆಟ್ಟದ ಕಡೆಗೆ ಹೊರಟನು.